ಅಳಿವೆ

ಕಾಸರಕೋಡಿನ ಐಸ್ ಪ್ಲಾಂಟು, ರಾತ್ರಿ ಪಾಳಿ.
ಕೊನೆಯ ಗಡ್ಡೆ ಜಾರಿ ಲಾರಿ ಸೇರಿತು.
ರಿಜಿಸ್ಟರಿನಲ್ಲಿ ನೂರಾ ನಲವತ್ತೆರಡು ಎಂದು ಬರೆದು
ಮೇಜಿನ ಆಚೆ ತುದಿಗೆ ಸರಿದು ಕೂತೆ,
ಅಲ್ಲಿ ನನ್ನ ಇನ್ನೊಂದು ಲೆಕ್ಕ.

ಸಂಬಳವಿಲ್ಲದ್ದು. ಆಟ ಕಟ್ಟುವವರಿಗೊಂದು ಲೈಬ್ರರಿ:
ಚೆಂಡು ಪುಟಿಯಬೇಕು, ಗೋಡೆ ತಡೆಯಬೇಕು,
ಗೊಂಬೆ ನೆಲದ ಮೇಲೆ ನಿಲ್ಲಬೇಕು, ಅಷ್ಟೇ.
ಕೋಡು ಬರೆಯುವವರು ಎಲ್ಲೆಲ್ಲೋ ಇದ್ದಾರೆ, ಮುಖ ಕಂಡಿಲ್ಲ.
ಅವರು ಬದಲಿಸುತ್ತಾರೆ.
ಬದಲಾಯಿತೆಂದು ನಾನು ಬರೆಯುತ್ತೇನೆ.

ಈ ಸಲ ‘ಜಿಗಿ’ ಅನ್ನುವಾಗ
ಎತ್ತರದ ಜೊತೆ ಭಾರವನ್ನೂ ಹೇಳಬೇಕು.
ಹೇಳದಿದ್ದರೆ ಗೊಂಬೆ ಹಾರುವುದಿಲ್ಲ,
ನೆಲವೇ ಇಲ್ಲವೆಂಬಂತೆ ಇಳಿದು
ಪರದೆಯ ಕೆಳಗೆಲ್ಲೋ ಬೀಳುತ್ತಲೇ ಇರುತ್ತದೆ.
ಎರ್ಮೆಕ್ ಎಂಬ ಹುಡುಗ ಕೇಳಿದ್ದ:
“ನೀವು ಬರೆದ ಹಾಗೇ ಬರೆದೆ.
ಮೂರು ದಿನದಿಂದ ಬೀಳುತ್ತಿದ್ದಾನೆ.”
ಅವನು ಓದಿದ್ದು ನನ್ನದೇ ಪುಟ, ಹೋದ ವರ್ಷದ್ದು.
ಒಂದಕ್ಷರ ತಪ್ಪಿರಲಿಲ್ಲ ಅದರಲ್ಲಿ,
ಬರೆದ ದಿನ.

ಕಿಟಕಿಯಾಚೆ ಶರಾವತಿ ಕಡಲು ಸೇರುವಲ್ಲಿ
ಮರಳು ತನ್ನ ಪಾಡಿಗೆ ಮಗ್ಗುಲು ಬದಲಿಸುತ್ತದೆ.
ಐಸಿಗೆಂದು ಬರುವ ಜಟ್ಟಿ ತಾಂಡೇಲ
ಕೇಳದಿದ್ದರೂ ದಿನಾ ಹೇಳುತ್ತಾನೆ:
“ಇವತ್ತು ತೆಂಕಕ್ಕೆ ಹಿಡೀಬೇಕು ತಂಗೀ.
ದೀಪದ ಕಂಬಕ್ಕೆ ನೇರ ಮಾಡ್ಕಂಡ್ರೆ ಕೆಟ್ಟೆ,
ಅದು ಮೊನ್ನೆ ದಾರಿ.”
ಬಂದರು ಕಚೇರಿಯ ನಕ್ಷೆಗೆ ಗಾಜಿನ ಚೌಕಟ್ಟು.
ಚೆಂದ ಉಂಟು. ದೋಣಿಯವರು ಅದರ ಕೆಳಗೆ
ಚಪ್ಪಲಿ ಬಿಡುತ್ತಾರೆ.

ಹಳೆಯ ಪುಟ ಅಳಿಸಿಬಿಡೋಣ ಅನ್ನಿಸಿತು.
ಬೆರಳು ಕೀಲಿಯ ಮೇಲೇ ಇತ್ತು.
ಆದರೆ ಹಳೆಯ ಆವೃತ್ತಿಯಲ್ಲೇ ಆಟ ಕಟ್ಟಿ
ನೆಮ್ಮದಿಯಾಗಿ ಇರುವವರಿದ್ದಾರೆ,
ಅವರ ಗೊಂಬೆಗಳು ಇವತ್ತಿಗೂ ನಿಂತಿವೆ.
ಅಳಿಸಲಿಲ್ಲ. ತಲೆಯ ಮೇಲೊಂದು ಸಾಲು ಹಾಕಿದೆ:
‘ಇದು 2.3ರವರೆಗೆ ಮಾತ್ರ.’
ಹೊಸ ಪುಟದ ಉದಾಹರಣೆ ನಾನೇ ಓಡಿಸಿ ನೋಡಿದೆ.
ಜಿಗಿದ. ಇಳಿದ. ನಿಂತ.
ಎರಡನೇ ಸಲವೂ ನಿಂತ.
ಹುಡುಗನಿಗೆ ಬರೆದೆ, ತಪ್ಪು ನಿನ್ನದಲ್ಲ.

ನಾಲ್ಕೂವರೆಗೆ ತಾಂಡೇಲ ಬಂದ,
ಲುಂಗಿ ತುದಿಯಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದ.
“ಎಂತ ಬರೀತೆ ರಾತ್ರಿಯೆಲ್ಲ?”
ದಾರಿ ಹೇಳ್ತಾ ಇದ್ದೆ, ಅಂದೆ, ಯಾರಿಗೋ.
ಅವನು ನಗಲಿಲ್ಲ.
“ತಾರೀಕು ಹಾಕಿದ್ಯಾ?”

ಹಾಕಿರಲಿಲ್ಲ.