ರೂಮ್‌ಟೋನ್

ಹನ್ನೊಂದು ಲಕ್ಷದ ಸಿನಿಮಾ.
ಅದರಲ್ಲಿ ಎರಡು ಲಕ್ಷ ಚಿದಂಬರನ ಅಕ್ಕನ ಬಳೆ.
ದೆವ್ವದ ಮೇಕಪ್ಪಿಗೆ ಕಾಸಿಲ್ಲದ್ದರಿಂದ
ದೆವ್ವ ಕಾಣಿಸುವುದೇ ಇಲ್ಲ ಎಂದು ಕಥೆ ತಿದ್ದಿದೆವು:
ಒಬ್ಬಳೇ ಇರುವ ಹೆಂಗಸು, ಪಕ್ಕದ ಕೋಣೆಯಲ್ಲಿ
ಯಾರೋ ಬಿಂದಿಗೆಗೆ ನೀರು ತುಂಬುವ ಸದ್ದು, ಅಷ್ಟೇ.
ಮಿಕ್ಕಿದ್ದೆಲ್ಲ ನಿನ್ನ ಕೆಲಸ ಎಂದ ನನಗೆ.
ನಾನು ಸೌಂಡಿನವನು.

ಲಿಂಗರಾಜಪುರದಲ್ಲಿ ರೈಲು ಹಳಿಯ ಮಗ್ಗುಲಿಗೆ
ಒಂದು ಮಹಡಿ ಮನೆ, ರಾತ್ರಿಗೆ ಒಂದೂವರೆ ಸಾವಿರ.
ಯಜಮಾನರು ಇನ್ನಾಸಪ್ಪ, ಜಲಮಂಡಳಿಯ ವಾಲ್ವ್‌ಮನ್:
ನಾಲ್ಕಡಿ ಕಬ್ಬಿಣದ ಕೀ ಹೆಗಲಿಗಿಟ್ಟು
ನಡುರಾತ್ರಿ ಬೀದಿಬೀದಿಗೆ ನೀರು ಬಿಡುವವರು.
ಏರಿಯಾ ಪೂರ್ತಿ ಅವರಿಗಾಗಿ ಕಾಯುತ್ತದೆ,
ಮುಖ ಮಾತ್ರ ಯಾರಿಗೂ ಗೊತ್ತಿಲ್ಲ.
ನೀರು ಬಾರದ ದಿನ ಬೈಯಲಿಕ್ಕೆ ಒಂದು ಹೆಸರು ಬೇಕಲ್ಲ,
ವಾಟರ್‌ಮನ್ ಎನ್ನುತ್ತಾರೆ.

ಒಂಬತ್ತು ರಾತ್ರಿ. ಡ್ಯೂಟಿಯಿಲ್ಲದ ಹೊತ್ತಲ್ಲಿ
ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.
ಇಂಪನಾ ಹೆದರಿ ಗೋಡೆಗೆ ಅಂಟಿಕೊಂಡಾಗ
"ಪಾಪ, ಲೈಟಾದರೂ ಹಾಕ್ಕೋಬಾರದಾ ಆ ಹುಡುಗಿ" ಎಂದು
ಟೇಕು ಕೆಡಿಸಿದರು. ಎರಡು ಸಲ.
ಅವಳು ನಿಲ್ಲಬೇಕಾದ ಜಾಗಗಳಿಗೆ
ನೆಲದ ಮೇಲೆ ಹಳದಿ ಟೇಪು ಅಂಟಿಸಿದ್ದೆವು:
ಇಲ್ಲಿ ಕಿವಿಗೊಡಬೇಕು, ಇಲ್ಲಿ ತಿರುಗಬೇಕು,
ಇಲ್ಲಿ, ಯಾರೂ ಇಲ್ಲವೆಂದು ತಿಳಿಯಬೇಕು.
ಒಂದು ಬೆಳಗಿನ ಜಾವ ಪ್ಯಾಕಪ್ಪಿನಲ್ಲಿ ನೋಡಿದೆ,
ಇನ್ನಾಸಪ್ಪ ಬರಿಗಾಲಲ್ಲಿ
ಟೇಪಿನಿಂದ ಟೇಪಿಗೆ ನಡೆಯುತ್ತಿದ್ದರು,
ಹೆಜ್ಜೆ ತಪ್ಪದೆ, ತಮ್ಮದೇ ಮನೆಯಲ್ಲಿ.

ಕೊನೆಯ ರಾತ್ರಿ ರೂಮ್‌ಟೋನ್ ಹಿಡಿದೆ.
ಹೊರಗಿನವರಿಗೆ ಇದು ಹುಚ್ಚಾಟ:
ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡು ಮಾಡುವುದು.
ಯಾಕೆಂದರೆ ಒಂದೊಂದು ಮನೆಯ ಮೌನ ಒಂದೊಂದು ಥರ,
ಒಂದರ ತೂತಿಗೆ ಇನ್ನೊಂದರ ತೇಪೆ ಕೂರುವುದಿಲ್ಲ.
"ಎಲ್ಲರೂ ಹಾಗೇ ನಿಲ್ಲಿ, ಉಸಿರು ಸಣ್ಣಗೆ."
ಹದಿನಾಲ್ಕು ಜನ ನಿಂತೆವು. ಲೈಟಿನ ಹುಡುಗ ಕಣ್ಣು ಮುಚ್ಚಿಕೊಂಡ.
ಇನ್ನಾಸಪ್ಪ ಅಡುಗೆಮನೆ ಬಾಗಿಲಲ್ಲಿ.
ಫ್ರಿಜ್ಜು ಆಫ್ ಮಾಡಿದ್ದೆವು. ಹಲ್ಲಿ ಕೂಡ ಲೊಚಗುಟ್ಟಲಿಲ್ಲ.

ಆಮೇಲೆ ಹೆಡ್‌ಫೋನು ಹಾಕಿ ಕೇಳಿದರೆ
ನಲವತ್ತೊಂದನೇ ಸೆಕೆಂಡಿನಲ್ಲಿ, ತುಂಬ ತಳದಲ್ಲಿ,
ಯಾರೋ "ಊಟ ಆಯ್ತಾ?" ಎನ್ನುತ್ತಾರೆ.
ಚಿದಂಬರ ಮತ್ತೆ ಮತ್ತೆ ಹಾಕಿಸಿ ಕೇಳಿ
"ಏನೂ ಇಲ್ಲವಲ್ಲೋ" ಎಂದ.
ಸ್ಕ್ರೀನಿನ ಗೆರೆಯೂ ಅವನ ಪರವೇ,
ಹಾಸಿದ ಚಾಪೆಯಂತೆ ಬಿದ್ದುಕೊಂಡಿತ್ತು.
"ಮನೆಗೆ ಹೋಗಿ ಎಷ್ಟು ದಿನ ಆಯ್ತು ನೀನು?"
ಮನೆ ಎಂದರೆ ಬಾಣಸವಾಡಿಯ ಒಂಟಿ ಕೋಣೆ;
ಅಲ್ಲಿಯ ರೂಮ್‌ಟೋನ್ ನಾನು ಯಾವತ್ತೂ ಹಿಡಿದಿಲ್ಲ.

ಆ ಒಂದು ನಿಮಿಷವನ್ನೇ ಸಿನಿಮಾದುದ್ದಕ್ಕೂ ಹಾಸಿದೆ,
ಅವಳು ಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡುವಲ್ಲಿ,
ಎರಡು ತಟ್ಟೆ ಇಟ್ಟು ಒಂದನ್ನು ತೆಗೆದಿಡುವಲ್ಲಿ.

ಮಾಗಡಿ ರಸ್ತೆಯ ಥಿಯೇಟರು, ಬೆಳಗಿನ ಆಟ.
ಏಳು ಟಿಕೆಟ್ಟು, ಅದರಲ್ಲಿ ಮೂರು ನಮ್ಮವೇ.
ತಟ್ಟೆಯ ದೃಶ್ಯದಲ್ಲಿ, ಪೂರಾ ಕತ್ತಲಲ್ಲಿ,
ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ
"ಹೂಂ, ಆಯ್ತು" ಎಂದರು.
ಇಂಟರ್ವಲ್ಲಿನ ದೀಪ ಹತ್ತಿದಾಗ ಎಣಿಸಿದೆ.
ಆರು ತಲೆ, ನನ್ನದೂ ಸೇರಿ.

ಶುಕ್ರವಾರಕ್ಕೆ ಇನ್ನೊಂದು ಸಿನಿಮಾ ಬಂತು.

ಮೊನ್ನೆ ರಾತ್ರಿ ಒಂದೂಮುಕ್ಕಾಲಿಗೆ ಲಿಂಗರಾಜಪುರಕ್ಕೆ ಹೋದೆ,
ಕೆಲಸವೇನೂ ಇರಲಿಲ್ಲ.
ಚರ್ಚಿನ ತಿರುವಿನಲ್ಲಿ ಇನ್ನಾಸಪ್ಪ
ಗುಂಡಿಯೊಳಕ್ಕೆ ಕೀ ಇಳಿಸಿ ಮೈಭಾರ ಹಾಕಿ ತಿರುಗಿಸುತ್ತಿದ್ದರು.
ನೆಲದಡಿ ಏನೋ ಎದ್ದು ಹೊರಟಿತು,
ಒಂದೊಂದೇ ಮನೆಯ ಸಂಪಿನಲ್ಲಿ,
ಮಲಗಿದವರ ಕೆಳಗೆ, ನೀರು ಬೀಳತೊಡಗಿತು.
ತಲೆ ಎತ್ತಿ ನನ್ನನ್ನು ಕಂಡು ಏನೋ ಕೇಳಿದರು.
ಅಷ್ಟರಲ್ಲಿ ಗೂಡ್ಸು ಗಾಡಿ.
ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

ಆಯ್ತು ಎಂದೆ.