ಮುನ್ನೂರ ಇಪ್ಪತ್ತು ಗ್ರಾಂ

ಉಡುಪಿ. ಮೇ ತಿಂಗಳು. ಮಧ್ಯಾಹ್ನ ಮೂರು.
ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ ಮೆಟ್ಟಿಲು ಹತ್ತಿದರೆ ಸಿಗುವ ಅಂಗಡಿಯಲ್ಲಿ
ಕರೆಂಟಿಲ್ಲ.
ನಾನು ಚಳಿಗೆ ಜಾಕೆಟ್ ಹಾಕಿ ನೋಡುತ್ತಿದ್ದೇನೆ.

ಕನ್ನಡಿಯಲ್ಲೊಬ್ಬಳು ಬೆವರುವ ಹೆಂಗಸು,
ವಯಸ್ಸು ಐವತ್ತೊಂದು, ಗಂಟಲವರೆಗೆ ಜಿಪ್ಪು,
ಅದರ ಕೆಳಗೆ ಸೀರೆಯ ನೆರಿಗೆ.
"ಊಟಿಗಾ ಆಂಟಿ?" ಕೇಳುತ್ತಾನೆ ಹುಡುಗ, ಸಫ್ವಾನ್.
ಅದಕ್ಕಿಂತ ಸ್ವಲ್ಪ ಮೇಲೆ ಮಾರಾಯ,
ಹದಿನಾಲ್ಕು ಸಾವಿರ ಅಡಿ.
ಜೂನಿನಲ್ಲಿ ಬೋಟುಗಳು ದಡ ಹತ್ತಿದರೆ ಎರಡು ತಿಂಗಳು ಕೆಲಸವಿಲ್ಲ.
ಪ್ರತಿ ಸಲ ಬಲೆ ಹೊಲಿಯುತ್ತಿದ್ದೆ.
ಈ ಸಲ ಇಲ್ಲ.

ಮೊದಲು ತಂದದ್ದು ಬಾತುಕೋಳಿಯ ಒಳಗರಿ ತುಂಬಿದ್ದು.
ಹಿಡಿದರೆ ಕೈಯಲ್ಲಿ ಏನೂ ಇಲ್ಲದ ಹಾಗೆ,
ಚೀಟಿ ತಿರುಗಿಸಿದರೆ ಚಿನ್ನದಂಗಡಿಗೆ ಬಂದ ಹಾಗೆ.
"ಇದಕ್ಕಿಂತ ಬೆಚ್ಚಗಿನದ್ದು ಲೋಕದಲ್ಲಿಲ್ಲ."
ಒದ್ದೆಯಾದರೆ?
"ಒದ್ದೆ ಮಾಡಬಾರದು ಆಂಟಿ, ಗರಿ ಮುದ್ದೆಯಾಗ್ತದೆ."

ಒದ್ದೆ ಮಾಡಬಾರದಂತೆ!
ಮಲ್ಪೆಯವಳಿಗೆ ಹೇಳುವ ಮಾತಾ ಇದು?
ನಮ್ಮಲ್ಲಿ ಉಪ್ಪು ಸಹ ಭರಣಿಯೊಳಗೆ ಬೆವರುತ್ತದೆ,
ಬೆಂಕಿಪೊಟ್ಟಣ ಅಕ್ಕಿಯಲ್ಲಿ ಹೂತುಕೊಂಡು ಬದುಕುತ್ತದೆ.

ಎರಡನೆಯದು ಪಾಲಿಯೆಸ್ಟರ್ ಎಳೆ ತುಂಬಿದ್ದು, ಬೂದು ಬಣ್ಣ.
ಯಾವ ಹಕ್ಕಿಯ ಹೆಸರೂ ಇಲ್ಲ.
"ನೆನೆದರೆ ಹಿಂಡಿ ಹಾಕಿಕೊಳ್ಳಿ, ಬೆಚ್ಚಗೇ ಇರ್ತದೆ.
ಗರಿಯಷ್ಟಲ್ಲ. ಸುಳ್ಳು ಯಾಕೆ."
ಆ 'ಸುಳ್ಳು ಯಾಕೆ' ನನಗೆ ಹಿಡಿಸಿತು.

ಅಂಗೈಯಲ್ಲಿಟ್ಟು ತೂಗಿದೆ:
ಎರಡು ದೊಡ್ಡ ಬಂಗುಡೆ, ಒಂದು ಸಣ್ಣದು.
ಮುನ್ನೂರ ಇಪ್ಪತ್ತು, ಅಂದೆ.
ಹುಡುಗ ಲೇಬಲ್ ಓದಿದ. ನನ್ನ ಮುಖ ನೋಡಿದ.
ಮತ್ತೊಮ್ಮೆ ಲೇಬಲ್ ಓದಿದ.

ಒಳಗೊಂದು ಸ್ವೆಟರ್ ಹಿಡಿಯುವಷ್ಟು ಜಾಗ ಉಂಟಾ?
ಕ್ರೇಟು ಎತ್ತುವ ಹಾಗೆ ಎರಡೂ ಕೈ ಮೇಲೆತ್ತಿದೆ,
ಸೊಂಟ ಬಯಲಾಗಲಿಲ್ಲ.
ಕೈಗವಸು ಹಾಕಿಯೂ ಜಿಪ್ಪು ಸಿಗುತ್ತದೆ.
ಮಡಚಿದರೆ ಇಡೀ ಜಾಕೆಟು
ತನ್ನದೇ ಕಿಸೆಯೊಳಗೆ ಹೋಗಿ ಕೂರುತ್ತದೆ,
ಹೆದರಿದ ಆಮೆಯ ಹಾಗೆ.
ಚೀಟಿಫಂಡಿನ ದುಡ್ಡು ಎಣಿಸಿ ಕೊಟ್ಟೆ.

ಮರುದಿನ ಶಿಫ್ಟು ಮುಗಿದ ಮೇಲೆ ಜೋಕಿಮನ ಹತ್ತಿರ ಕೇಳಿದೆ,
ಮೂರನೇ ನಂಬರಿನ ರೂಮು, ಹತ್ತೇ ನಿಮಿಷ.
"ಎಂತಕ್ಕೆ?"
ಚಳಿಗೆ.
ಅವನಿಗೆ ಅರ್ಥವಾಗಲಿಲ್ಲ, ಬೀಗ ತೆಗೆದ.

ಮೈನಸ್ ಹದಿನೆಂಟು.
ಪೆಟ್ಟಿಗೆಯಲ್ಲಿ ಅಂಜಲ್, ಪೆಟ್ಟಿಗೆಯಲ್ಲಿ ಬೊಂಡಾಸ,
ಎಲ್ಲವಕ್ಕೂ ಮೈಮೇಲೆ ಥರ್ಮೋಕೋಲು.
ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.
ಉಸಿರು ಹೊಗೆಯಾಗಿ ಹೋಗಿ ಬಲ್ಬಿಗೆ ಸುತ್ತಿತು.
ಕಿವಿ ಉರಿಯಿತು, ಮೂಗಿನ ತುದಿ ಯಾರದೋ ಆಯಿತು,
ಆದರೆ ಬೆನ್ನು...
ಬೆನ್ನಿನಲ್ಲಿ ಯಾರೋ ಒಲೆಯ ಹತ್ತಿರ ಕೂತ ಹಾಗೆ.

ಇಪ್ಪತ್ತಾರು ವರ್ಷ ಐಸಿನಲ್ಲಿ ಕೈಯಿಟ್ಟು ಮೀನು ಆರಿಸಿದೆ.
ದಪ್ಪ ಕೋಟು ಫೋರ್ಕ್‌ಲಿಫ್ಟಿನವರಿಗೆ,
ನಮಗೆ ಗಂಡಂದಿರ ಹಳೇ ಅಂಗಿ,
ಅದರ ಮೇಲೆ ಗೊಬ್ಬರದ ಚೀಲ ಕತ್ತರಿಸಿದ ಏಪ್ರನ್.
ಚಳಿ ನೋಡಲಿಕ್ಕೆ ಹಿಮಾಲಯಕ್ಕೆ ಹೋಗುತ್ತೀಯಾ ಅಂತ
ಮಗಳು ನಕ್ಕದ್ದು ಸುಮ್ಮನೆ ಅಲ್ಲ.
ಚಳಿ ಅಲ್ಲ ಮಗಾ,
ಚಳಿಯಲ್ಲಿ ಕೆಲಸವಿಲ್ಲದೆ ನಿಲ್ಲುವುದು.

ಹೊರಗೆ ಬಂದರೆ ಬಾಗಿಲಲ್ಲಿ ಯಶವಂತಿ, ಕೈ ಚಾಚಿ.
ಹಾಕಿಕೊಂಡು ಒಳಗೆ ಹೋದಳು. ಆಮೇಲೆ ಗ್ಲಾಡಿಸ್.
ಆಮೇಲೆ ಜಿಪ್ಪು ಹತ್ತದ ಪುಷ್ಪಲತಾ, ಹೊಟ್ಟೆ ಹಿಡಿದು ನಗುತ್ತಾ.
ಎರಡೆರಡು ನಿಮಿಷ. ಜೋಕಿಮ ಗಡಿಯಾರ ನೋಡಿದ, ಏನೂ ಹೇಳಲಿಲ್ಲ.

ಬೂದು ಬಣ್ಣಕ್ಕೆ ಈಗ ಬೂತಾಯಿ ವಾಸನೆ.
ಗುಡ್ಡದ ಮೇಲಿನವರು ಸಹಿಸಿಕೊಳ್ಳಲಿ.

ಮಡಚಿ ಕೊಡುವಾಗ ಯಶವಂತಿ ಹೇಳಿದಳು:
"ಹೋಗಿ ಬಾ. ಬಂದ ಮೇಲೆ ಇದನ್ನು ಮನೆಗೆ ಕೊಂಡುಹೋಗಬೇಡ.
ಮೇಜಿನ ಹತ್ತಿರ ಗೋಡೆಗೆ
ಮೊಳೆ ನಾನು ಹೊಡೆದಿಡ್ತೇನೆ."