ಪಂಚರ್ ಹಾಕುವಷ್ಟು ಹೊತ್ತು

ಆ ಟೈರುಗಳ ರಾಶಿಯ ಫೋಟೋ ತೆಗೆಯಬೇಡಿ ತಾಯಿ,
ಅದು ಕಲೆಯಲ್ಲ.
ಹೋದ ವಾರ ಒಬ್ಬರು ಅದಕ್ಕೆ ಮೂರು ಸುತ್ತು ಬಂದು
ಗಲ್ಲಕ್ಕೆ ಕೈಯಿಟ್ಟು ನಿಂತು
ಯಾರು ಮಾಡಿದ್ದು ಅಂತ ಕೇಳಿದರು.
ಮೊದಲು ಕಾರ್ಖಾನೆ, ಆಮೇಲೆ ರಸ್ತೆ, ಅಂದೆ.
ಬರೆದುಕೊಂಡು ಹೋದರು.

ಕೂತುಕೊಳ್ಳಿ. ಆ ಕುರ್ಚಿ ಬೇಡ, ಅದು ಪಾದ್ರಿಯನ್ನೇ ಬೀಳಿಸಿದೆ.
ಮೊಳೆಯಲ್ಲ ಇದು, ಮೆಸ್ಕೀಟ್ ಮುಳ್ಳು.
ಹಸಿ ಇದ್ದಾಗ ಬಾಗುತ್ತದೆ,
ಒಣಗಿದರೆ ಲಾರಿಗೂ ಹೆದರುವುದಿಲ್ಲ.
ಎಲ್ ಪಾಸೋದಿಂದ ಹೊರಟಿರೇನು? ಬೆಳಿಗ್ಗೆಯೇ?
ಹಾಗಾದರೆ ನೀವೂ ಗೋಡೆಗಳಿಗೇ ಬಂದವರು.
ಮೊದಲು ಈ ಊರಲ್ಲಿ ಪೆಟ್ರೋಲು ಮುಗಿದವರು ಮಾತ್ರ ನಿಲ್ಲುತ್ತಿದ್ದರು.
ಈಗ ಕಾಫಿಗೆ ಒಂಬತ್ತು ಡಾಲರು,
ಜೊತೆಗೊಂದು ಬಿಸ್ಕತ್ತು, ನನ್ನ ಹೆಬ್ಬೆರಳಿನಷ್ಟು.

ಮನೆ ಕಟ್ಟಿ ನೋಡು ಅಂತಾರಲ್ಲ,
ನಮ್ಮಪ್ಪ ಮನೆಯಿಲ್ಲದ ಗೋಡೆ ಕಟ್ಟಿ ನೋಡಿದ.
ಮೂವತ್ತೊಂದು. ಸೂರಿಲ್ಲ, ಮೂಲೆಯಿಲ್ಲ,
ಒಂದೊಂದಕ್ಕೂ ಒಂದೇ ಕಿಂಡಿ.
ತಾಸಿಗೆ ಎರಡೂವರೆ ಡಾಲರು.
ಮೊದಲ ವಾರವೇ ಅನ್ಸೆಲ್ಮೋ ಉರ್ಕೀಡಿ, ಅಂದರೆ ನಮ್ಮಪ್ಪ,
ಟೋಪಿ ಕೈಯಲ್ಲಿ ಹಿಡಿದು ಕಲಾವಿದನನ್ನು ಕೇಳಿದನಂತೆ,
ಧಣಿ, ಮನೆ ಯಾವ ಕಡೆಗೆ ಬರುತ್ತದೆ?
ಅವನು ಬಯಲಿನತ್ತ ಕೈ ತೋರಿಸಿದ.
ಅಪ್ಪ ಆ ಕಡೆ ನೋಡಿದ.
ಜಿಂಕೆಯೊಂದು ಮೇಯುತ್ತಿತ್ತು.

ನಾನಾಗ ಒಂಬತ್ತರವಳು, ನೀರು ಹೊರುತ್ತಿದ್ದೆ.
ಕಾಂಕ್ರೀಟು ಬಾಣಂತಿಯ ಹಾಗೆ, ಅನ್ನುತ್ತಿದ್ದ ಅಪ್ಪ,
ಏಳು ದಿನ ಒದ್ದೆ ಗೋಣಿ ಹೊದಿಸಿ, ಗಾಳಿಗೆ ಬಿಡದೆ.
ಊರಿಗೆ ನೀರು ದಿನ ಬಿಟ್ಟು ದಿನ,
ಗೋಡೆಗೆ ದಿನಾ.

ಏಳನೆಯದನ್ನು ಎರಡು ಸಲ ಒಡೆಸಿದರು.
ರಸಮಟ್ಟದ ಗುಳ್ಳೆ ಕೂದಲೆಳೆಯಷ್ಟು ಜರುಗಿತ್ತಂತೆ.
ಅಪ್ಪ ಬಾಯಿ ಬಿಡಲಿಲ್ಲ. ಒಡೆದ ಚಪ್ಪಡಿಗಳನ್ನೆಲ್ಲ
ಸಂಜೆ ಪಿಕಪ್ಪಿಗೆ ತುಂಬಿಕೊಂಡು ಬಂದು ಇಲ್ಲಿ ಹಾಸಿದ.
ನಿಮ್ಮ ಕಾರಿನ ಜಾಕು ನಿಂತಿದೆಯಲ್ಲ, ಅದರ ಮೇಲೆಯೇ.
ನಲವತ್ತೆಂಟು ವರ್ಷ. ಇನ್ನೂ ಅಲ್ಲಾಡಿಲ್ಲ.

ಹನ್ನೊಂದನೆಯ ಗೋಡೆಯ ಬುಡಕ್ಕೆ ಹಗ್ಗ ಕಟ್ಟಿದ್ದಾರೆ, ನೋಡುವಿರಂತೆ.
ಸಿಮೆಂಟಿನಲ್ಲಿ ನಾಲ್ಕು ಹೆಜ್ಜೆ.
ಗೈಡ್ ಹುಡುಗ ದನಿ ತಗ್ಗಿಸಿ
ಗೈರುಹಾಜರಿ ಅಂತಲೋ ಏನೋ ಹೇಳುತ್ತಾನೆ.
ಅದು ಕನೇಲಾ. ನಮ್ಮ ನಾಯಿ.
ಅಪ್ಪನ ಬುತ್ತಿ ಕದಿಯಲು ಹೋದದ್ದು.
ಐದನೆಯ ಹೆಜ್ಜೆ ಯಾಕಿಲ್ಲ ಅಂದರೆ
ಅಷ್ಟರಲ್ಲಿ ಅಪ್ಪ ಕರಣೆ ಬೀಸಿ ಎಸೆದಿದ್ದ.
ಒಮ್ಮೆ ಅವರ ಆಫೀಸಿಗೇ ಹೋಗಿ ಹೇಳಿದೆ.
ಬಹಳ ಸಂತೋಷಪಟ್ಟರು,
ನನ್ನ ಮಾತು ರೆಕಾರ್ಡು ಮಾಡಿಕೊಂಡರು,
ಲಿಯೋಕಾಡಿಯಾ ಅಂತ ಹೆಸರನ್ನೂ ಸರಿಯಾಗಿ ಬರೆದುಕೊಂಡರು.
ಹಗ್ಗ ಹಾಗೇ ಇದೆ.

ಕಲೆ ಗೊತ್ತಿಲ್ಲದವಳು ಅಂತ ತಿಳಿಯಬೇಡಿ.
ಆಗಸ್ಟಿನಲ್ಲಿ ಮೋಡ ಬಂದಾಗ
ಆ ಕಿಂಡಿಗಳೊಳಗೆ ಬೆಳಕು ಜಾಗ ಬದಲಿಸುವುದನ್ನು
ಕೆಲಸ ಬಿಟ್ಟು ನೋಡುತ್ತ ನಿಂತಿದ್ದೇನೆ,
ಗಿರಾಕಿ ಹಾರನ್ ಹೊಡೆದರೂ.
ಅಪ್ಪ ಮಾತ್ರ ಮುಗಿದ ಮೇಲೆ ಒಮ್ಮೆಯೂ ಹೋಗಲಿಲ್ಲ.
ಕಟ್ಟಿದವನಿಗೆ ಟಿಕೆಟ್ಟೇ? ಅಂದ.

ಬಿಸಿಲಲ್ಲಿ ಬೇಡ, ಕತ್ತಲಾಗುವ ಹೊತ್ತಿಗೆ ಹೋಗಿ.
ಹನ್ನೊಂದರ ಕಿಂಡಿಗೆ ಮುಖವಿಟ್ಟರೆ
ರೈಲು ಹಳಿ, ನೀರಿನ ಟ್ಯಾಂಕು, ಆಚೆ ಒಂದು ಸಾಲು ಮನೆ.
ಎಂಟು. ಏಳು ಕತ್ತಲಲ್ಲಿರುತ್ತವೆ,
ಹ್ಯೂಸ್ಟನ್ನಿನವರವು, ಶನಿವಾರದ ಮನೆಗಳು.
ಒಂದರಲ್ಲಿ ದೀಪ ಹತ್ತುತ್ತದೆ.
ಅದು ನಾನು. ನಾಳೆಗೆ ನೆನೆಹಾಕುವ ಬೀನ್ಸ್ ಕಾಳಿನಲ್ಲಿ
ಕಲ್ಲು ಆರಿಸುತ್ತಿರುತ್ತೇನೆ.
ನೀವು ಕೈ ಬೀಸಿದರೂ ನನಗೆ ಕಾಣುವುದಿಲ್ಲ.
ಬೀಸಿ.

ಇಪ್ಪತ್ತು ಕೊಡಿ, ಸಾಕು.
ಗಾಳಿ ಮೂವತ್ತೆರಡು ಹಾಕಿದ್ದೇನೆ.
ಹಿಂದಿನ ಎಡಗಡೆಯದೂ ಸವೆದಿದೆ, ಎಲ್ಲಾದರೂ ತೋರಿಸಿ.
ಮುಳ್ಳು ನಿಮ್ಮದು, ತಗೊಳ್ಳಿ.